ಹೆದ್ದಾರಿ ಬಿಟ್ಟ ಮೇಲೆ ಯಾವ ನಕ್ಷೆ?

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ಈ ನಾಲ್ಕೂ ಊರು ಪಡುವಣದಿಂದ ಮೂಡಣಕ್ಕೆ ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಕೂತಿವೆ. ಹೊನ್ನಾವರದಲ್ಲಿ ಹುಟ್ಟಿ ಚಿತ್ತೂರಿನ ಕಡೆ ಹೋಗುವ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 69ರ ಸಂಖ್ಯೆ. ಹಳಬರ ಬಾಯಲ್ಲಿ ಅದಿನ್ನೂ 234. ಈ ಗೆರೆಯ ವಿಷಯದಲ್ಲಿ ಯಾವ ನಕ್ಷೆಗೂ ಇನ್ನೊಂದರ ಜೊತೆ ತಕರಾರಿಲ್ಲ. ಗೆರೆ ಬಿಟ್ಟು ಬೈಕನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಿರೋ, ತಕರಾರು ಶುರು. ಒಂದು ನಕ್ಷೆ ರಸ್ತೆ ಎಂದದ್ದನ್ನು ಇನ್ನೊಂದು ಕಾಲುದಾರಿ ಎನ್ನುತ್ತದೆ, ಮೂರನೆಯದು ಅಲ್ಲಿ ಕೆರೆ ತೋರಿಸುತ್ತದೆ, ನಾಲ್ಕನೆಯದರಲ್ಲಿ ಏನೂ ಇಲ್ಲ.

ಹಿಂದೆಲ್ಲ ಈ ತಕರಾರಿನಿಂದ ಯಾರಿಗೂ ತೊಂದರೆ ಇರಲಿಲ್ಲ. ಒಳದಾರಿಯಲ್ಲಿ ಓಡಾಡುತ್ತಿದ್ದವರು ಆ ಊರವರೇ. ಅವರಿಗೆ ನಕ್ಷೆ ಬೇಕಿರಲಿಲ್ಲ. ಬೆಂಗಳೂರಿನ ಬೈಕು ಸವಾರರು ನಂದಿಬೆಟ್ಟದ ಭಾನುವಾರದ ಗದ್ದಲ ಸಾಕಾಗಿ ಮಂಡಿಕಲ್ಲು, ದಿಬ್ಬೂರಹಳ್ಳಿ, ಚಿಲಕಲನೇರ್ಪು ಎಂದು ಒಳಸೀಮೆ ಹುಡುಕಿಕೊಂಡು ಹೊರಟ ಮೇಲೆ ಪ್ರಶ್ನೆ ಎದ್ದಿದೆ: ಯಾವ ನಕ್ಷೆ ನಂಬಬೇಕು? ಪ್ರತಿ ಪಂಥದವರೂ ತಮ್ಮದೇ ಸರಿ ಎನ್ನುತ್ತಾರೆ. ನನಗೆ ಕಾಣುವಂತೆ ಈ ವಾದದಲ್ಲಿ ಸ್ಥಳದ ನಿಖರತೆ ಬಹಳ ದೊಡ್ಡ ವಿಷಯವಲ್ಲ. ಯಾವುದನ್ನು ರಸ್ತೆ ಎಂದು ಕರೆಯಬೇಕು ಎಂಬುದೇ ಜಗಳದ ಬೇರು. ಒಂದೊಂದು ನಕ್ಷೆಯೂ ಒಬ್ಬೊಬ್ಬರ ಕೆಲಸಕ್ಕೆಂದು ಹುಟ್ಟಿದ್ದು. ಒಳದಾರಿ ಹುಡುಕುವ ಸವಾರನಿಗೆಂದು ಹುಟ್ಟಿದ ನಕ್ಷೆ ಒಂದೂ ಇಲ್ಲ.

ದಂಡಿಗೆ, ಕಂದಾಯಕ್ಕೆ, ಆಮೇಲೆ ನಮಗೆ

ಈ ಸೀಮೆಯನ್ನು ಕ್ರಮವಾಗಿ ಅಳೆದು ಕಾಗದಕ್ಕಿಳಿಸುವ ಕೆಲಸ ಆರಂಭವಾದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಗೆದ್ದ ನಾಡಿನಲ್ಲಿ ಏನೇನಿದೆ ಎಂದು ಕಂಪನಿಗೆ ತಿಳಿಯಬೇಕಿತ್ತು. ಮೈಸೂರು ಸರ್ವೆಯ ಹೊಣೆ ಕಾಲಿನ್ ಮೆಕೆಂಜಿಯ ಪಾಲಿಗೆ ಬಂತು. ಮುಂದೆ 1815ರಲ್ಲಿ ಅವನೇ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಗಡಿ ಮತ್ತು ಕೋಟೆಗಳ ಜೊತೆಗೆ ಊರು, ಕೆರೆ, ಬಾವಿಗಳ ಲೆಕ್ಕವನ್ನೂ ಅವನ ಜನ ಬರೆದುಕೊಂಡರು. ಅದೇ ಹೊತ್ತಿಗೆ, 1800ರ ಕೊನೆಯ ತಿಂಗಳುಗಳಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಎಳೆದು ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಅವನು ಶುರು ಮಾಡಿದ ಸರ್ವೆಯೇ ಮುಂದೆ ಸುಮಾರು 78 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಗಿದ ಮಹಾಚಾಪ. ಆ 78ರ ಗೆರೆ ಬೀಳುವುದು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ. ಇದರ ಪರಿಣಾಮ ಇವತ್ತಿಗೂ ಉಂಟು, ಮುಂದೆ ಹೇಳುತ್ತೇನೆ.

ಎರಡನೆಯ ಹೊಳೆ ಕಂದಾಯದ್ದು. 1860ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಸರ್ವೆ ಸೆಟ್ಲ್‌ಮೆಂಟ್ ಆರಂಭವಾಗಿ ಹೊಲ ಹೊಲಕ್ಕೂ ನಂಬರು ಬಿತ್ತು, ಊರಿಗೊಂದು ಗ್ರಾಮ ನಕ್ಷೆ ಬಂತು. ಬೆಟ್ಟದ ಎತ್ತರ ಅದಕ್ಕೆ ಬೇಡ. ಯಾರ ಹೊಲ ಎಲ್ಲಿ ಮುಗಿಯುತ್ತದೆ, ನಡುವೆ ಬಂಡಿದಾರಿ ಎಲ್ಲಿ ಹಾಯುತ್ತದೆ ಎಂಬುದಷ್ಟೇ ಬೇಕು.

ಸ್ವಾತಂತ್ರ್ಯದ ನಂತರ ಸಾಮಾನ್ಯರ ಕೈಗೆ ಸಿಕ್ಕಿದ್ದು ಕಾರಿನವರ ಮಡಚುವ ನಕ್ಷೆಗಳು: ಟಿಟಿಕೆಯವರ ಕರ್ನಾಟಕ ರಸ್ತೆ ನಕ್ಷೆ, ಆಮೇಲೆ ಐಷರ್ ಅಟ್ಲಾಸ್. ಇವುಗಳಲ್ಲಿ ತಾಲ್ಲೂಕು ಕೇಂದ್ರ, ಹೋಬಳಿ, ಅವುಗಳ ನಡುವಿನ ಡಾಂಬರು ಕಾಣುತ್ತಿತ್ತು, ಮಿಕ್ಕದ್ದು ಬಿಳಿ ಕಾಗದ. 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಂಕು ಮಾಡುತ್ತಿದ್ದ ಕ್ರಮ ಕೈಬಿಟ್ಟಿತು. 2008ರಲ್ಲಿ ಗೂಗಲ್ ಮ್ಯಾಪ್ ಮೇಕರ್ ಬಂತು, ಅದನ್ನು ಕಟ್ಟಿದ್ದು ಬೆಂಗಳೂರಿನ ಎಂಜಿನಿಯರುಗಳು. ಊರವರೇ ತಮ್ಮೂರ ರಸ್ತೆ ಬರೆಯಬಹುದಾಗಿದ್ದ ಆ ಸೌಲಭ್ಯ 2017ರಲ್ಲಿ ಮುಚ್ಚಿತು. ಸರಕಾರದ ಕಡೆಯಿಂದಲೂ ಬಾಗಿಲು ನಿಧಾನವಾಗಿ ತೆರೆಯಿತು. 2005ರ ರಾಷ್ಟ್ರೀಯ ನಕ್ಷೆ ನೀತಿ ಸೇನೆಗೊಂದು, ಸಾರ್ವಜನಿಕರಿಗೊಂದು ಸರಣಿ ಮಾಡಿತು. 2017ರಲ್ಲಿ ಸರ್ವೆ ಆಫ್ ಇಂಡಿಯಾ ತನ್ನ ಸಾರ್ವಜನಿಕ ಹಾಳೆಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಬಿಟ್ಟಿತು. 2021ರ ಫೆಬ್ರವರಿಯ ಮಾರ್ಗಸೂಚಿ ಬಂದ ಮೇಲೆ ಭಾರತೀಯರು ನಕ್ಷೆ ಮಾಡುವುದಕ್ಕೆ ಮೊದಲೇ ಅನುಮತಿ ಬೇಡುವ ಕಾಟವೂ ಹೋಯಿತು.

ಹಾಳೆ ಬಿಡಿಸಿ ಓದುವವರು

ಮೊದಲ ಪಂಥ ಟೋಪೋ ಶೀಟಿನದು. ನಿವೃತ್ತ ಎಂಜಿನಿಯರುಗಳು, ಭೂವಿಜ್ಞಾನ ಓದಿದವರು, ಚಾರಣದಿಂದ ಬೈಕಿಗೆ ಬಂದವರು ಇದರಲ್ಲಿ ಹೆಚ್ಚು. ಅವರ ವಾದ ಸರಳ: ರಸ್ತೆ ಬದಲಾಗುತ್ತದೆ, ನೆಲ ಬದಲಾಗುವುದಿಲ್ಲ, ನೆಲ ಗೊತ್ತಿದ್ದವನು ದಾರಿ ತಪ್ಪಿದರೂ ದಿಕ್ಕು ತಪ್ಪುವುದಿಲ್ಲ.

1:50,000ದ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಒಂದೊಂದು ಹಾಳೆ ಎರಡು ದಿಕ್ಕಿಗೂ ಹೆಚ್ಚೂಕಡಿಮೆ 27 ಕಿ.ಮೀ. ನೆಲ ಹಿಡಿಯುತ್ತದೆ, ಎತ್ತರದ ಗೆರೆಗಳು 20 ಮೀಟರಿಗೊಂದು. ಹಳೆಯ ಸಂಖ್ಯೆಯ ಲೆಕ್ಕದಲ್ಲಿ ಗೌರಿಬಿದನೂರು 57ಜಿ/10ರ ಪಡುವಣ ಅಂಚಿಗೆ ಬೀಳುತ್ತದೆ. ಚಿಕ್ಕಬಳ್ಳಾಪುರ ಮತ್ತು ನಂದಿಬೆಟ್ಟ 57ಜಿ/11ರಲ್ಲಿ, ಶಿಡ್ಲಘಟ್ಟ 57ಜಿ/15ರಲ್ಲಿ. 78ರ ಗೆರೆ ದಾಟಿದ ಕೂಡಲೆ ಹಾಳೆಯ ಕುಟುಂಬವೇ ಬದಲಾಗಿ ಚಿಂತಾಮಣಿ 57ಕೆ/3ಕ್ಕೆ ಸೇರುತ್ತದೆ. ಹೊಸ ಸಾರ್ವಜನಿಕ ಸರಣಿಯಲ್ಲಿ ಇವು ಡಿ43ಆರ್ ಮತ್ತು ಡಿ44ಎಂ. 43, 44 ಎಂಬವು ಭೂಮಿಯನ್ನು ಆರಾರು ಡಿಗ್ರಿಗೆ ಸೀಳಿದ ಪಟ್ಟಿಗಳ ಸಂಖ್ಯೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವಾಗ ಮೀಟರ್ ಲೆಕ್ಕದ ಗ್ರಿಡ್ ಇಟ್ಟುಕೊಂಡವರು ಗಮನಿಸಿ ನೋಡಿ: 8,25,000ದ ಹತ್ತಿರವಿದ್ದ ಪೂರ್ವಾಂಕ ಆ ಗೆರೆಯ ಮೇಲೆ ತಟ್ಟನೆ 1,75,000ದ ಹತ್ತಿರಕ್ಕೆ ಬೀಳುತ್ತದೆ. ಉಪಕರಣ ಕೆಟ್ಟಿಲ್ಲ, ಪಟ್ಟಿ ಬದಲಾಯಿತು ಅಷ್ಟೇ.

ಈ ಹಾಳೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಕೆರೆಗಳನ್ನು ಬರೆದ ರೀತಿ. ಏರಿ ಎಲ್ಲಿದೆ, ಕೋಡಿ ಯಾವ ಕಡೆ ಹರಿಯುತ್ತದೆ, ಏರಿ ನೆಲದಿಂದ ಎಷ್ಟು ಮೀಟರ್ ಎದ್ದಿದೆ ಎಂಬುದಕ್ಕೆ ಪಕ್ಕದಲ್ಲೊಂದು ಪುಟ್ಟ ಅಂಕಿ ಇರುತ್ತದೆ. ಬಂಡಿದಾರಿ, ಹೇರುಗತ್ತೆ ಹೋಗುವ ದಾರಿ, ಕಾಲುದಾರಿ ಬೇರೆ ಬೇರೆ ಗೆರೆಗಳಲ್ಲಿ ಕಾಣುತ್ತವೆ. ಎಂಥ ದಾರಿ ಎಂದು ಹೇಳುವುದರಲ್ಲಿ ಇಂದಿನ ಬಹುಪಾಲು ಫೋನ್ ನಕ್ಷೆಗಳು ಇದರ ಹತ್ತಿರಕ್ಕೂ ಬರುವುದಿಲ್ಲ.

ಆದರೆ ಮೂಲ ಸರ್ವೆ ದಶಕಗಳಷ್ಟು ಹಳೆಯದು. ಹಾಳೆಯಲ್ಲಿ ಬಂಡಿದಾರಿ ಆಗಿದ್ದದ್ದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಡಾಂಬರು ಕಂಡಿದೆ, ಕಾಲುದಾರಿ ಆಗಿದ್ದದ್ದು ಯಾರದೋ ದ್ರಾಕ್ಷಿ ತೋಟದ ಬೇಲಿಯೊಳಗೆ ಸೇರಿದೆ. ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೂಲಕ ಕೋಲಾರಕ್ಕೆ ಹೋಗುವ ರೈಲು ಹಳೆಯ ಹಾಳೆಗಳಲ್ಲಿ ಇನ್ನೂ ಕಿರುಹಳಿ. ಬ್ರಾಡ್‌ಗೇಜ್ ಆದ ಮೇಲೆ ಎಷ್ಟೋ ಕಡೆ ದಾರಿ ಹಳಿಯ ಕೆಳಗೆ ತೂರುತ್ತದೆ. ಇನ್ನೊಂದು ಎಚ್ಚರಿಕೆ ಬೇಕು. ಹಳೆಯ ಹಾಳೆಗಳ ಅಳತೆ ಎವರೆಸ್ಟ್ ದೀರ್ಘವೃತ್ತದ ಮೇಲೆ ನಿಂತದ್ದು, ಫೋನಿನ ಜಿಪಿಎಸ್ ಬಳಸುವುದು ಬೇರೆಯದು. ಎರಡನ್ನೂ ಹೊಂದಿಸದೆ ಒಂದರ ಮೇಲೊಂದು ಇಟ್ಟರೆ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ಜರುಗುತ್ತದೆ. ಏರಿಯ ಮೇಲಿರುವ ಬೈಕು ಪರದೆಯಲ್ಲಿ ಕೆರೆಯೊಳಗೆ ಮುಳುಗಿರುತ್ತದೆ.

ಗೂಗಲ್ ಸಾಕು ಎನ್ನುವವರು

ಇವರ ಸಂಖ್ಯೆಯೇ ದೊಡ್ಡದು, ವಾದ ಚಿಕ್ಕದು: ಎಲ್ಲರ ಫೋನಿನಲ್ಲೂ ಇದೆ, ದಿನವೂ ಹೊಸದಾಗುತ್ತದೆ. ದ್ವಿಚಕ್ರ ವಾಹನಕ್ಕೆಂದು ಬೇರೆ ದಾರಿ ತೋರಿಸುವ ಸೌಲಭ್ಯವನ್ನು ಗೂಗಲ್ 2017ರ ಡಿಸೆಂಬರಿನಲ್ಲಿ ಭಾರತದಲ್ಲೇ ಮೊದಲು ತಂದಿತು. ಹೊಸತನದ ಮಾತು ಸುಳ್ಳಲ್ಲ. 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲೆ ಆ ಭಾಗದ ಓಡಾಟದ ಸ್ವರೂಪವೇ ಬದಲಾಯಿತು. ಇಂಥ ಬದಲಾವಣೆಯನ್ನು ಕಾಗದದ ಹಾಳೆ ಹಿಡಿಯಲಾರದು. ಪೆಟ್ರೋಲ್ ಬಂಕು, ಪಂಕ್ಚರ್ ಅಂಗಡಿ, ಊಟದ ಜಾಗ ಹುಡುಕಲು ಬೇರೆ ನಕ್ಷೆ ಬೇಕೆಂದು ನಾನೂ ಹೇಳಲಾರೆ.

ಆದರೆ ಅದು ಕಟ್ಟಿರುವುದು ಬೇಗ ತಲುಪಬೇಕಾದವರಿಗೆ. ಎಲ್ಲಿ ಫೋನುಗಳು ಓಡಾಡುತ್ತವೋ ಅಲ್ಲಿನ ಮಾಹಿತಿ ಅದಕ್ಕೆ ಸಮೃದ್ಧ, ಎಲ್ಲಿ ದಿನಕ್ಕೆ ಎರಡು ಟ್ರ್ಯಾಕ್ಟರ್, ನಾಲ್ಕು ಮೊಪೆಡ್ ಹೋಗುತ್ತವೋ ಅಲ್ಲಿ ಬಡತನ. ಪರದೆಯನ್ನು ಸ್ವಲ್ಪ ದೂರ ಮಾಡಿದರೆ ಚಿಕ್ಕ ರಸ್ತೆಗಳೆಲ್ಲ ಮಾಯ. ಸವಾರನಿಗೆ ಬೇಕಾದದ್ದು ಆ ಚಿಕ್ಕ ಗೆರೆಗಳ ಜಾಲವೇ ಅಲ್ಲವೆ? ಜೊತೆಗೆ, ಹತ್ತಿರದ ದಾರಿ ಎಂದು ಅದು ಕೆಲವೊಮ್ಮೆ ಹಿಪ್ಪುನೇರಳೆ ತೋಟಗಳ ನಡುವಿನ ಓಣಿಗೂ ನುಗ್ಗಿಸುತ್ತದೆ. ಡಾಂಬರೋ ಮಣ್ಣೋ, ಏರೋ ಇಳಿಜಾರೋ, ಕೇಳಿದರೆ ಸುಮ್ಮನಿರುತ್ತದೆ.

ಎಲ್ಲರೂ ಬರೆದ ನಕ್ಷೆ

ಮೂರನೆಯ ಪಂಥ 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದನ್ನು ತೋರಿಸುವ ಆಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ಕರ್ನಾಟಕವನ್ನು ಮನೆಯಲ್ಲೇ ತುಂಬಿಸಿಕೊಂಡು ಹೊರಟರೆ ಸಿಗ್ನಲ್ ಬೇಕಿಲ್ಲ. ಚಿಂತಾಮಣಿಯ ಉತ್ತರದಲ್ಲಿ, ಆಂಧ್ರದ ಗಡಿಗೆ ಒತ್ತಿಕೊಂಡ ಗುಡ್ಡಗಳ ಮಧ್ಯೆ ಸಿಗ್ನಲ್ ಬಂದು ಹೋಗುವ ಆಟ ನೋಡಿದವರಿಗೆ ಇದರ ಬೆಲೆ ಗೊತ್ತು. ಎತ್ತರದ ಗೆರೆಗಳನ್ನೂ ಮೇಲೆ ಹಾಸಬಹುದು. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಿಡಿದು ಅಳೆದ ಎತ್ತರಗಳೇ ಅವಕ್ಕೆ ಮೂಲ.

ಬೈಕಿನವರು ಇದನ್ನು ಮೆಚ್ಚಲು ಮುಖ್ಯ ಕಾರಣ ಬೇರೆ. ಇಲ್ಲಿ ಪ್ರತಿ ಗೆರೆಗೂ ದರ್ಜೆ ಬರೆಯಲು ಜಾಗವಿದೆ: ಮೇಲ್ಮೈ ಡಾಂಬರೋ ಜಲ್ಲಿಯೋ ಮಣ್ಣೋ, ಹೊಲದ ದಾರಿಯಾದರೆ ಗಟ್ಟಿಯಿಂದ ಮೆತ್ತಗಿನವರೆಗೆ ಐದರಲ್ಲಿ ಯಾವ ಮೆಟ್ಟಿಲು. ಟೋಪೋ ಶೀಟಿನ ಶಿಸ್ತನ್ನು ಸಾರ್ವಜನಿಕರೇ ಕೈಗೆತ್ತಿಕೊಂಡ ಹಾಗೆ. ಆದರೆ ಜಾಗವಿದ್ದರೆ ಸಾಲದು, ಯಾರಾದರೂ ತುಂಬಬೇಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬಹಳಷ್ಟು ಗೆರೆಗಳು ಎಲ್ಲೋ ಕೂತು ಉಪಗ್ರಹ ಚಿತ್ರದ ಮೇಲೆ ಎಳೆದವು. ಗೆರೆ ಇದೆ, ದರ್ಜೆಯ ಖಾನೆ ಖಾಲಿ. ಖಾಲಿ ಇದ್ದಲ್ಲಿ ಆ್ಯಪ್ ತನಗೆ ತೋಚಿದಂತೆ ಊಹಿಸುತ್ತದೆ. 2022ರಲ್ಲಿ ಕೇಂದ್ರ ಸರಕಾರ ಗ್ರಾಮ ಸಡಕ್ ಯೋಜನೆಯ 25 ಲಕ್ಷ ಕಿ.ಮೀ.ಗೂ ಹೆಚ್ಚಿನ ಹಳ್ಳಿ ರಸ್ತೆಗಳ ದತ್ತಾಂಶವನ್ನು ಬಹಿರಂಗಪಡಿಸಿತು. ಈ ಖಾನೆ ತುಂಬಲು ಅದಕ್ಕಿಂತ ಒಳ್ಳೆಯ ಸರಕು ಸಿಗುವುದು ಕಷ್ಟ.

ಇದೇ ಪಂಥದ ಒಂದು ಉಪಶಾಖೆ ಜರ್ಮನಿಯಲ್ಲಿ ಹುಟ್ಟಿದ ಕುರ್ವಿಗರ್, ಕ್ಯಾಲಿಮೋಟೋ ಆ್ಯಪ್‌ಗಳದು. ತಿರುವು ಹೆಚ್ಚಿರುವ ರಸ್ತೆಯನ್ನು ಅವು ಆರಿಸಿಕೊಡುತ್ತವೆ. ಆಲ್ಪ್ಸ್ ಬೆಟ್ಟದಲ್ಲಿ ತಿರುವೆಂದರೆ ಸೊಬಗು. ಶಿಡ್ಲಘಟ್ಟದ ಬಯಲಿನಲ್ಲಿ ತಿರುವೆಂದರೆ ರಸ್ತೆ ಯಾರದೋ ಹೊಲದ ಬದು ಹಿಡಿದು ನೇರ ಮೂಲೆಯಲ್ಲಿ ಹೊರಳಿತೆಂದು ಅರ್ಥ, ಆ ಮೂಲೆಯಲ್ಲಿ ಎದುರಿಗೆ ಟೊಮೆಟೊ ಕ್ರೇಟು ತುಂಬಿದ ಟೆಂಪೋ ಬರುತ್ತಿರುತ್ತದೆ.

ಆಕಾಶದಿಂದ ನೋಡುವವರು, ಕೆಳಗೆ ತುಂಬಿದ ಕೆರೆಗಳು

ಬರೆದದ್ದನ್ನು ನಂಬುವುದೇ ಬೇಡ, ಚಿತ್ರವನ್ನೇ ನೋಡಿ ಎನ್ನುವವರು ನಾಲ್ಕನೆಯವರು. ಗೂಗಲ್ ಅರ್ಥ್ ಇದೆ, 2009ರಲ್ಲಿ ಇಸ್ರೋ ತಂದ ಭುವನ್ ಇದೆ. ಮಣ್ಣಿನ ದಾರಿಗಳು ಕೆಂಪು ದಾರದಂತೆ ಸ್ಪಷ್ಟವಾಗಿ ಕಾಣುತ್ತವೆ. ಹಿಂದಿನ ರಾತ್ರಿ ಕೂತು ಒಂದು ಹಾದಿ ಗುರುತು ಮಾಡಿಕೊಂಡು, ಅದನ್ನು ಜಿಪಿಎಕ್ಸ್ ಕಡತವಾಗಿಸಿ ಫೋನಿಗೆ ಹಾಕಿಕೊಂಡು ಹೊರಡುವುದು ಇವರ ಪದ್ಧತಿ.

ಈ ಪದ್ಧತಿಗೆ ಚಿಕ್ಕಬಳ್ಳಾಪುರ ಜಿಲ್ಲೆ ಒಡ್ಡುವ ಪರೀಕ್ಷೆ ಬೇರೆಲ್ಲೂ ಇಷ್ಟು ಕಠಿಣವಿಲ್ಲ ಎಂದು ನನ್ನ ಅಭಿಪ್ರಾಯ. ಪೆನ್ನಾರು, ಚಿತ್ರಾವತಿ, ಪಾಪಾಗ್ನಿ ಎಂದು ನದಿಗಳು ಇಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಸೀಮೆ ಇದು. ಅದಕ್ಕೇ ಪೂರ್ವಿಕರು ಕೆರೆಯ ಮೇಲೆ ಕೆರೆ ಕಟ್ಟಿದರು. ಅವಿಭಜಿತ ಕೋಲಾರ ಜಿಲ್ಲೆ ಹೆಸರಾದದ್ದೇ ಕೆರೆಗಳಿಗೆ. ಮಳೆ ಕೈಕೊಟ್ಟು ಕೆರೆಗಳು ವರ್ಷಗಟ್ಟಲೆ ಬತ್ತಿದ್ದಾಗ ಜನ ಸುತ್ತು ಬಳಸುವುದೇಕೆಂದು ಅಂಗಳದ ನಡುವೆಯೇ ಓಡಾಡಿದರು. ಟ್ರ್ಯಾಕ್ಟರು ಓಡಿ ಗಟ್ಟಿಯಾದ ಆ ಜಾಡುಗಳು ಉಪಗ್ರಹ ಚಿತ್ರದಲ್ಲಿ ಯಾವ ಹಳ್ಳಿ ರಸ್ತೆಗೂ ಕಡಿಮೆಯಿಲ್ಲದಂತೆ ಮೂಡಿದವು. ನಕ್ಷೆ ಬರೆಯುವವರು ಅವನ್ನು ನಂಬಿ ಗೆರೆ ಎಳೆದರು. ಆಮೇಲೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಏತದಲ್ಲಿ ಎತ್ತಿ ಈ ಕಡೆಯ ಕೆರೆಗಳಿಗೆ ಹರಿಸುವ ಯೋಜನೆ ಬಂತು. 2021ರ ನವೆಂಬರಿನ ಮಳೆಯೂ ಬಂತು. ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥವು ತುಂಬಿದವು. ಜಾಡುಗಳು ನೀರಿನಡಿಗೆ ಹೋದವು, ಕೆಲವು ನಕ್ಷೆಗಳಲ್ಲಿ ಗೆರೆ ಮಾತ್ರ ಉಳಿಯಿತು. ಆ ನೀರಿನ ಗುಣಮಟ್ಟದ ಬಗ್ಗೆ ರೈತರು ಎತ್ತಿರುವ ಪ್ರಶ್ನೆ ಬೇರೆಯೇ ಲೇಖನದ ವಿಷಯ. ಸವಾರನ ಮಟ್ಟಿಗೆ ಪಾಠ ಇಷ್ಟು: ಚಿತ್ರ ಯಾವ ವರ್ಷದ ಯಾವ ತಿಂಗಳಿನದು ಎಂದು ನೋಡದೆ ಕೆರೆ ಹಾಯುವ ದಾರಿ ಗುರುತು ಹಾಕಿಕೊಳ್ಳಬಾರದು. ಏರಿಯ ಮೇಲಿನ ದಾರಿ ಮಾತ್ರ ಬೇಸಿಗೆಗೂ ಮಳೆಗೂ ದಾರಿಯೇ. ಕೋಡಿ ಹರಿಯುತ್ತಿದ್ದರೆ ಅದೂ ಅನುಮಾನ.

ಕಲ್ಲುಗಣಿಗಳದ್ದು ಇನ್ನೊಂದು ಮೋಸ. ಟಿಪ್ಪರುಗಳು ತಿರುಗಿ ಅಗಲವಾದ ಬಿಳಿಯ ರಸ್ತೆ ಆಕಾಶದಿಂದ ನೋಡಿದರೆ ಜಿಲ್ಲಾ ಮುಖ್ಯರಸ್ತೆಗಿಂತ ಭವ್ಯ. ಹೋಗಿ ನೋಡಿದರೆ ಅದು ಕ್ರಷರ್ ಬಾಗಿಲಲ್ಲೋ ಗುಂಡಿಯ ಅಂಚಿನಲ್ಲೋ ಮುಗಿಯುತ್ತದೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಗಣಿಯ ರಸ್ತೆಗಳನ್ನು ಸುಮ್ಮನೆ ನೋಡಿಬರೋಣ ಎಂದು ಹೊಕ್ಕುವವರು ಅದನ್ನು ನೆನಪಿಡುವುದು ಮೇಲು.

ಗ್ರಾಮ ನಕ್ಷೆ, ದಿಶಾಂಕ್

ಬೈಕಿನವರು ಬಹುತೇಕ ಗಮನಿಸದ, ಆದರೆ ನನ್ನ ದೃಷ್ಟಿಯಲ್ಲಿ ಈ ಚರ್ಚೆಗೆ ಬರಲೇಬೇಕಾದ ನಕ್ಷೆ ಕಂದಾಯದ್ದು. ರಾಜ್ಯದ ಸರ್ವೆ ಇಲಾಖೆ ಮತ್ತು ದೂರಸಂವೇದಿ ಕೇಂದ್ರ ಸೇರಿ ತಂದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ಬರುತ್ತದೆ. ಜಮೀನು ಕೊಳ್ಳುವವರು ಅದನ್ನು ಬಳಸುತ್ತಾರೆ, ಸವಾರರಿಗೂ ಅದರ ಉಪಯೋಗವಿದೆ. ಉಳಿದ ನಕ್ಷೆಗಳೆಲ್ಲ ದಾರಿ ಇದೆಯೇ ಎಂದು ಹೇಳಿದರೆ, ಈ ಒಂದೇ ನಕ್ಷೆ ದಾರಿ ಯಾರದು ಎಂದು ಹೇಳುತ್ತದೆ.

ಹಳ್ಳಿಯಲ್ಲಿ ಈ ಎರಡೂ ಬೇರೆ ಬೇರೆ. ನಕಾಶೆ ಕಂಡ ದಾರಿ ಒಂದು, ರೂಢಿಯಿಂದ ಬಂದ ದಾರಿ ಇನ್ನೊಂದು. ಮೊದಲನೆಯದು ಗ್ರಾಮ ನಕ್ಷೆಯಲ್ಲಿದೆ, ನೆಲದ ಮೇಲೆ ಉತ್ತು ರಾಗಿ ಹಾಕಿರಬಹುದು. ಎರಡನೆಯದು ನೆಲದ ಮೇಲೆ ಚೆನ್ನಾಗಿದೆ, ದಾಖಲೆಯಲ್ಲಿಲ್ಲ. ಹೊಲದ ಯಜಮಾನ ಒಪ್ಪಿರುವವರೆಗೆ ಮಾತ್ರ ದಾರಿ. ಬಂಡಿದಾರಿ ಒತ್ತುವರಿಯ ಜಗಳ ತಹಶೀಲ್ದಾರರ ಮೇಜಿಗೆ ಬರುವುದು ನಿಂತಿಲ್ಲ. ಅಂಥ ಜಗಳವಿರುವ ದಾರಿಯಲ್ಲಿ ಹೆಲ್ಮೆಟ್ಟು, ಜಾಕೆಟ್ಟು ಹಾಕಿದ ಐದಾರು ಅಪರಿಚಿತರು ಗುಡುಗುಟ್ಟುತ್ತ ಬಂದರೆ ಯಾರ ಕಡೆಯವರೋ ಎಂಬ ಅನುಮಾನ ಬರುವುದು ಸಹಜ. ಗೋಮಾಳ, ಗುಂಡುತೋಪು, ಅರಣ್ಯ ಎಂಬ ಗುರುತುಗಳನ್ನು ಓದಿಕೊಂಡರೆ ಎಲ್ಲಿ ಬೈಕು ನಿಲ್ಲಿಸಿ ನಡೆಯಬೇಕು ಎಂಬುದೂ ತಿಳಿಯುತ್ತದೆ. ಸ್ಕಂದಗಿರಿಯಂಥ ಕಡೆ ನಡೆಯುವುದಕ್ಕೂ ಮೊದಲೇ ಹೆಸರು ಬರೆಸಿ ಹಣ ಕಟ್ಟಬೇಕು.

ಕಂದಾಯ ನಕ್ಷೆಗೂ ಅದರದೇ ಭೂತಗಳಿವೆ. ಬೇಚರಾಕ್ ಗ್ರಾಮಗಳೆಂದರೆ ದಾಖಲೆಯಲ್ಲಿ ಊರಿದೆ, ಎಲ್ಲೆಯಿದೆ, ಮನೆ ಮಾತ್ರ ಒಂದೂ ಇಲ್ಲ. ಇನ್ನೊಂದು ಕಡೆ ನೂರಾರು ಜನ ಬಾಳುವ ಹಟ್ಟಿಗಳು ಬಹುಕಾಲ ಯಾವ ದಾಖಲೆಯಲ್ಲೂ ಊರೆಂದು ಸೇರಿರಲಿಲ್ಲ. ಹಾಗೆಯೇ, ರಾಜ್ಯದ ಗಡಿ ಬಂತೆಂದರೆ ದಿಶಾಂಕ್ ಕಣ್ಣುಮುಚ್ಚುತ್ತದೆ. ನಗರಗೆರೆಯಿಂದ ಹಿಂದೂಪುರದ ಕಡೆಗೆ ಹೊರಳಿದರೆ ಆ ಕಡೆಯದು ಬೇರೆ ರಾಜ್ಯದ ಬೇರೆ ಕಡತ.

ಕೇಳಿಕೊಂಡು ಹೋಗುವವರು

ನಕ್ಷೆಯೇ ಬೇಡ, ಬಾಯಿದ್ದರೆ ಸಾಕು ಎನ್ನುವ ಪಂಥ ಎಲ್ಲಕ್ಕಿಂತ ಹಳೆಯದು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಇಂದಿನ ಸ್ಥಿತಿ ಗೊತ್ತಿರುವುದು ಊರವರಿಗೆ ಮಾತ್ರ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಯ ತುಂಬ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿ ಬಳ್ಳಿಯ ಮೇಲೆ ಬ್ರೇಕು ಹಾಕಿದರೆ ಬೈಕು ಜಾರುತ್ತದೆ, ಚೈನಿಗೆ ಸುತ್ತಿಕೊಂಡರೆ ನಿಲ್ಲುತ್ತದೆ. ಯಾವ ಉಪಗ್ರಹವೂ ಇದನ್ನು ಹೇಳುವುದಿಲ್ಲ.

ಕೇಳುವುದರಲ್ಲೂ ಹದವಿದೆ. "ಅಣ್ಣಾ, ಈ ದಾರಿ ಮುಂದಕ್ಕೆ ಹೋಗ್ತದಾ?" ಎಂದರೆ ಹೌದೆಂಬ ಉತ್ತರವೇ ಬರುತ್ತದೆ, ದಾರಿಯೆಂದ ಮೇಲೆ ಎಲ್ಲಿಗಾದರೂ ಹೋಗಲೇಬೇಕಲ್ಲ. "ಯಜಮಾನ್ರೇ, ಮಳೆ ಬಂದ ಮ್ಯಾಲೆ ಹಾಲಿನ ಗಾಡಿ ಈ ಕಡೆಯಿಂದ್ಲೇ ಬರ್ತದಾ?" ಎಂದು ಕೇಳಿ ನೋಡಿ. ಡೈರಿಯ ಹಾಲು ಹೊರುವ ಗಾಡಿ ಹಗಲೂ ಸಂಜೆಯೂ ತಪ್ಪದೆ ಬರಲೇಬೇಕಾದದ್ದು, ಅದು ಹಿಡಿಯುವ ದಾರಿ ಕೊರಕಲು ಬಿದ್ದಿರುವುದಿಲ್ಲ. ತೆಲುಗು ನಾಲ್ಕು ಮಾತು ಬಂದರೆ ಈ ಸೀಮೆಯಲ್ಲಿ ಇನ್ನೂ ಅನುಕೂಲ; ಚಿಂತಾಮಣಿಯ ಮೇಲುಭಾಗದಲ್ಲಿ ಮನೆಮಾತು ಅದೇ. ಹೆಸರಿನ ಗೊಂದಲವನ್ನೂ ಮಾತು ಬಿಡಿಸುತ್ತದೆ. ಒಂದೇ ಹೆಸರಿನ ಎರಡು ಮೂರು ಹಳ್ಳಿಗಳು ಅಕ್ಕಪಕ್ಕದ ಹೋಬಳಿಗಳಲ್ಲಿದ್ದರೆ ನಕ್ಷೆ ಯಾವುದಾದರೂ ಒಂದಕ್ಕೆ ಕರೆದೊಯ್ಯುತ್ತದೆ. ಚಹಾದಂಗಡಿಯವರು ಯಾರ ಮನೆಗೆ ಎಂದು ಮೊದಲು ವಿಚಾರಿಸುತ್ತಾರೆ.

ಇದರ ಮಿತಿಯೂ ಸ್ಪಷ್ಟ. ಕೇಳಲು ಜನ ಬೇಕು, ಅವರಿಗೆ ಬಿಡುವಿರಬೇಕು. ಜೊತೆಗೆ, ಬಹುಪಾಲು ಜನ ಪ್ರೀತಿಯಿಂದಲೇ ನಿಮ್ಮನ್ನು ಒಳ್ಳೆಯ ರಸ್ತೆಗೆ, ಅಂದರೆ ಹೆದ್ದಾರಿಗೆ ವಾಪಸು ಕಳಿಸುತ್ತಾರೆ.

ಒಂದೇ ಗೆರೆ, ಬೇರೆ ಬೇರೆ ನೆಲ

ಈ ಪಂಥಗಳವರು ಒಬ್ಬರಿಗೊಬ್ಬರು ಸೋಲದಿರುವುದಕ್ಕೆ ಕಾರಣ, ಅವರು ಮಾತಾಡುತ್ತಿರುವುದು ಬೇರೆ ಬೇರೆ ನೆಲದ ಬಗ್ಗೆ. ನಂದಿಯಿಂದ ಗುಡಿಬಂಡೆಯ ಮೇಲೆ ಪೆನುಕೊಂಡೆಯ ಕಡೆಗೆ ಉತ್ತರಕ್ಕೆ ಸಾಗುವ ಬೆಟ್ಟಸಾಲು ಗೌರಿಬಿದನೂರನ್ನೂ ಚಿಕ್ಕಬಳ್ಳಾಪುರವನ್ನೂ ಬೇರ್ಪಡಿಸುತ್ತದೆ. ಮಂಚೇನಹಳ್ಳಿಯ ಹೆದ್ದಾರಿ ಬಿಟ್ಟು ಆ ಸಾಲನ್ನು ದಾಟಬೇಕಾದರೆ ಎತ್ತರದ ಗೆರೆಗಳಿಲ್ಲದ ನಕ್ಷೆ ಬರಿಯ ಅಲಂಕಾರ. ಅಲ್ಲಿ ಹಾಳೆಯವರ ಮಾತು ಸರಿ. ಶಿಡ್ಲಘಟ್ಟದ ಸುತ್ತ ನೆಲ ಹೆಚ್ಚು ಸಮ. ಅಲ್ಲಿ ಕಾಡುವುದು ಕೆರೆ, ತೋಟ, ಬೇಲಿ. ಹೊಸ ಉಪಗ್ರಹ ಚಿತ್ರ ಮತ್ತು ಗ್ರಾಮ ನಕ್ಷೆ ಜೊತೆಗಿದ್ದರೆ ಕೆಲಸ ಆಗುತ್ತದೆ. ಚಿಂತಾಮಣಿಯ ದಕ್ಷಿಣಕ್ಕೆ, ಕೈವಾರ, ಅಂಬಾಜಿದುರ್ಗದ ಕಡೆ, ಯಾತ್ರಿಕರ ಓಡಾಟದಿಂದ ಗೂಗಲ್ ಚೆನ್ನಾಗಿಯೇ ನಡೆಯುತ್ತದೆ. ಅದೇ ತಾಲ್ಲೂಕಿನ ಉತ್ತರಕ್ಕೆ ಹೋದರೆ ಸಿಗ್ನಲ್ ಇಲ್ಲದ ನಕ್ಷೆ ಮತ್ತು ತೆಲುಗು. ಪೇರೇಸಂದ್ರದ ಆಸುಪಾಸಿನ ಗಣಿ ಸೀಮೆಯಲ್ಲಿ ಯಾವ ನಕ್ಷೆ ತೋರಿಸಿದರೂ ಬಿಳಿಯ ಅಗಲ ರಸ್ತೆಯನ್ನು ನಂಬದಿರುವುದೇ ಸರಿ.

ಒಂದನ್ನೇ ಆರಿಸಿ ಎಂದು ಪಟ್ಟು ಹಿಡಿದರೆ ಇಳಿಸಿಕೊಂಡ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೇ ಹೇಳುತ್ತೇನೆ, ಎತ್ತರದ ಗೆರೆಗಳನ್ನು ಮೇಲೆ ಹಾಸಿಕೊಂಡು. ಅದು ಹೆಚ್ಚು ನಿಖರವೆಂದು ಅಲ್ಲ. ತಪ್ಪು ಕಂಡರೆ ಸಂಜೆ ಮನೆಗೆ ಬಂದು ನಾನೇ ತಿದ್ದಬಹುದು, ಆ ತಿದ್ದುಪಡಿ ಮುಂದಿನವನಿಗೂ ಸಿಗುತ್ತದೆ. ಕಲ್ಲುಗಳನ್ನೂ ನೋಡುತ್ತಿರಿ: ಮೈಲಿಗಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯದ್ದು, ಕಿತ್ತಳೆಯಾದರೆ ಹಳ್ಳಿ ರಸ್ತೆ. ಕಿತ್ತಳೆ ಕಂಡಿತೆಂದರೆ ನೀವು ಹುಡುಕುತ್ತಿದ್ದ ಸೀಮೆಗೆ ಬಂದಿರಿ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಹಕ್ಕಿನ ಪ್ರಶ್ನೆ. ಬಂಡಿದಾರಿ ಹೊಲಕ್ಕೆ ಹೋಗುವ ರೈತನಿಗಾಗಿ ನಕ್ಷೆ ಸೇರಿತು. ಮೋಜಿಗೆ ಬರುವ ಹೊರಗಿನವನಿಗೂ ಅದು ತೆರೆದಿದೆಯೇ? ಬ್ರಿಟನ್ನಿನಲ್ಲಿ ಕಾಲುದಾರಿ, ಕುದುರೆ ದಾರಿ, ವಾಹನದ ದಾರಿ ಎಂದು ಸಾರ್ವಜನಿಕ ಹಕ್ಕನ್ನು ಬಿಡಿಬಿಡಿಯಾಗಿ ದಾಖಲಿಸಿದ ಅಧಿಕೃತ ನಕ್ಷೆಗಳೇ ಇವೆ. ನಮ್ಮಲ್ಲಿ ಅಂಥದ್ದು ಬೇಕೇ ಎಂದು ಯಾರೂ ಗಂಭೀರವಾಗಿ ಕೇಳಿದಂತೆ ಕಾಣುವುದಿಲ್ಲ. ಕೇಳಿದರೆ ರೈತ ಸಂಘಗಳು ಏನೆನ್ನುತ್ತವೆ ಎಂಬುದನ್ನು ಊಹಿಸಬಹುದು, ಅವರ ಮಾತಲ್ಲಿ ತಪ್ಪೂ ಇರಲಿಕ್ಕಿಲ್ಲ.

ಎರಡನೆಯದು ಬರೆಯುವುದರ ಹೊಣೆ. ಒಬ್ಬ ತನ್ನ ಜಾಡನ್ನು ಹಂಚಿದ ಕೂಡಲೆ ಆ ಗುಡ್ಡದ ಬುಡಕ್ಕೆ ವಾರಾಂತ್ಯದಲ್ಲಿ ಗುಂಪು ಬರುತ್ತದೆ. ನಂದಿಯಲ್ಲಿ ಆದದ್ದು ಆವಲಬೆಟ್ಟದಲ್ಲಿ ಆಗುತ್ತಿದೆ, ತಲಕಾಯಲಬೆಟ್ಟದಲ್ಲಿ ಆಗಬಹುದು. ಕೆಲವು ಸವಾರರು ಒಳ್ಳೆಯ ದಾರಿಗಳನ್ನು ನಕ್ಷೆಗೆ ಸೇರಿಸುವುದೇ ಇಲ್ಲ. ಬರೆದರೆ ಊರಿನ ಆಂಬುಲೆನ್ಸಿಗೂ ಅನುಕೂಲ ಎನ್ನುವವರು ಅದನ್ನು ಸ್ವಾರ್ಥ ಎನ್ನುತ್ತಾರೆ. ನನಗೆ ಎರಡೂ ಕಡೆ ನ್ಯಾಯ ಕಾಣುತ್ತದೆ. ಊರಿಗೆ ಹೋಗುವ ರಸ್ತೆಯನ್ನು ಬರೆದು, ಊರು ದಾಟಿ ಬೆಟ್ಟಕ್ಕೆ ಹೋಗುವ ಜಾಡನ್ನು ಬಿಡಬೇಕೆಂದು ಕೆಲವರು ಸೂಚಿಸುತ್ತಾರೆ. ಅದನ್ನು ಪಾಲಿಸುವವರು ಯಾರು, ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಬರೆದರೆ ತಡೆಯುವವರು ಯಾರು?

ಕೊನೆಯದು ಕೆರೆಗಳದ್ದೇ. ಏತದ ನೀರು ಬಂದಷ್ಟು ಕಾಲ ತುಂಬಿ, ನಿಂತರೆ ಬತ್ತುವ ಕೆರೆಯನ್ನು ನಕ್ಷೆಯಲ್ಲಿ ನೀರೆಂದು ಬರೆಯಬೇಕೋ ನೆಲವೆಂದೋ? ಅದರ ನಡುವಿನ ಜಾಡನ್ನು ಅಳಿಸಬೇಕೋ, ಬೇಸಿಗೆಯ ದಾರಿ ಎಂದು ಇಡಬೇಕೋ? ಇದರ ಬಗ್ಗೆ ನಕ್ಷೆ ಬರೆಯುವವರಲ್ಲಿ ಒಮ್ಮತವಿಲ್ಲ. ಟೋಪೋ ಶೀಟು ಒಣ ಕೆರೆಗೂ ನೀರಿರುವ ಕೆರೆಗೂ ಬೇರೆ ಬೇರೆ ಗುರುತಿಟ್ಟಿತ್ತು. ಆದರೆ ಪಂಪು ಹಾಕಿದರೆ ತುಂಬುವ, ನಿಲ್ಲಿಸಿದರೆ ಬತ್ತುವ ಕೆರೆಗೆ ಗುರುತು ಅದರಲ್ಲೂ ಇಲ್ಲ.